ಮೈಯೊಳಗಿನ ಯಂತ್ರ: ಸೈಬಾರ್ಗ್, ಮಿದುಳಿನ ಚಿಪ್, ಕೃತಕ ಮನಸ್ಸು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಕ್ಕನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ಚಿಕ್ಕವಳಿದ್ದಾಗಲೇ, ಕೇಳುವ ನರಕ್ಕೆ ನೇರವಾಗಿ ಸಂಕೇತ ಕೊಡುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಯಂತ್ರ ಹಾಕಿಸಿದೆವು. ಅಂದಿನಿಂದ ನೆಂಟರು, ನೆರೆಹೊರೆಯವರು, ಪರಿಚಯವೇ ಇಲ್ಲದ ಅಪ್ಪ ಅಮ್ಮಂದಿರು ನನ್ನನ್ನು ಪ್ರಶ್ನೆ ಕೇಳುತ್ತಲೇ ಇದ್ದಾರೆ. ಈಚೆಗೆ ಅದರ ಜೊತೆ ಮಿದುಳಿನ ಚಿಪ್, ಎಐ ಬಗ್ಗೆಯೂ ಕೇಳುತ್ತಾರೆ. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಚಿಕಿತ್ಸೆಯ ತೀರ್ಮಾನವನ್ನು ನಿಮ್ಮ ಡಾಕ್ಟರ್ ಜೊತೆ ಕೂತೇ ಮಾಡಿ.

ಸೈಬಾರ್ಗ್ ಅಂದರೆ ಯಾರು? ಸಿನಿಮಾದಲ್ಲಿ ಬರುವ ಕಬ್ಬಿಣದ ಮನುಷ್ಯನಾ?

ಸಿನಿಮಾ ಸದ್ಯ ಪಕ್ಕಕ್ಕಿರಲಿ. ಈ ಹೆಸರಿಟ್ಟವರು ಅಮೆರಿಕದಲ್ಲಿದ್ದ ಮ್ಯಾನ್‌ಫ್ರೆಡ್ ಕ್ಲೈನ್ಸ್ ಮತ್ತು ನೇಥನ್ ಕ್ಲೈನ್, 1960ರಲ್ಲಿ. ಬಾಹ್ಯಾಕಾಶಕ್ಕೆ ಹೋಗುವವರ ಸುತ್ತ ಭೂಮಿಯಂಥದೇ ವಾತಾವರಣ ಕಟ್ಟುವ ಬದಲು, ಅವರ ಮೈಯನ್ನೇ ಅಲ್ಲಿಗೆ ಹೊಂದಿಸಬಾರದೇಕೆ ಎಂಬುದು ಅವರ ಪ್ರಶ್ನೆ. ಅವರು ಉದಾಹರಣೆಗೆ ತೋರಿಸಿದ್ದು ಒಂದು ಇಲಿಯನ್ನು. ಅದರ ಮೈಯಲ್ಲಿ ಕೂರಿಸಿದ್ದ ಪುಟ್ಟ ಪಂಪು ತನ್ನಷ್ಟಕ್ಕೆ, ನಿಧಾನವಾಗಿ ಔಷಧ ಬಿಡುತ್ತಿತ್ತು. ಇಲಿ ಅದರ ಗೊಡವೆಗೆ ಹೋಗಬೇಕಿರಲಿಲ್ಲ. ಅಸಲು ವಿಷಯ ಅಲ್ಲೇ ಇದೆ. ಮೈಯ ಒಂದು ಕೆಲಸವನ್ನು ಯಂತ್ರ ವಹಿಸಿಕೊಂಡಿರಬೇಕು, ನಾವು ಸದಾ ಗಮನ ಕೊಡದಿದ್ದರೂ ಅದು ನಡೆಯುತ್ತಿರಬೇಕು.

ಹಾಗಾದರೆ ಪೇಸ್‌ಮೇಕರ್ ಹಾಕಿಸಿಕೊಂಡ ನಮ್ಮ ತಾತನೂ ಸೈಬಾರ್ಗಾ?

ಖಂಡಿತ. ಮೈಯೊಳಗೆ ಪೂರ್ತಿ ಕೂರಿಸಿದ ಮೊದಲ ಪೇಸ್‌ಮೇಕರ್ ಹಾಕಿದ್ದು 1958ರ ಅಕ್ಟೋಬರ್‌ನಲ್ಲಿ, ಸ್ವೀಡನ್ನಿನಲ್ಲಿ. ಆಪರೇಷನ್ ಮಾಡಿದವರು ಓಕೆ ಸೆನ್ನಿಂಗ್, ಯಂತ್ರ ತಯಾರಿಸಿದ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್. ರೋಗಿ ಆರ್ನೆ ಲಾರ್ಸನ್. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆದು ನಿಂತಿತು. ಇನ್ನೊಂದು ಹಾಕಿದರು. ಲಾರ್ಸನ್ ಜೀವಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡರು, 2001ರವರೆಗೆ ಬದುಕಿದರು. ಅವರನ್ನು ಉಳಿಸಿದ ಡಾಕ್ಟರ್, ಎಂಜಿನಿಯರ್ ಇಬ್ಬರೂ ಅವರಿಗಿಂತ ಮೊದಲೇ ತೀರಿಕೊಂಡರು.

ಈ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಬದಲಾವಣೆಗಳ ಲೆಕ್ಕ. ಯಂತ್ರ ಒಮ್ಮೆ ಒಳಗೆ ಹೋದರೆ ಕೆಲಸ ಮುಗಿಯಲಿಲ್ಲ. ಅದನ್ನು ನೋಡಿಕೊಳ್ಳುವ ಡಾಕ್ಟರ್, ತಯಾರಿಸುವ ಕಾರ್ಖಾನೆ, ಬದಲಾಯಿಸಲು ಬೇಕಾದ ದುಡ್ಡು, ಎಲ್ಲವೂ ಜೀವನಪೂರ್ತಿ ಜೊತೆಗಿರಬೇಕು. ಕೆಳಗೆ ಬರುವ ಹೆಚ್ಚಿನ ಉತ್ತರಗಳು ಸುತ್ತಿ ಬಳಸಿ ಇಲ್ಲಿಗೇ ಬರುತ್ತವೆ.

ಕನ್ನಡಕ, ಮೊಬೈಲ್?

ಅವನ್ನು ತೆಗೆದು ಮೇಜಿನ ಮೇಲೆ ಇಡಬಹುದು. ಈ ಪುಟದಲ್ಲಿ ನಾನು ಮಾತಾಡುತ್ತಿರುವುದು ನರ, ಹೃದಯ, ಮಿದುಳಿಗೆ ಸೇರಿಕೊಂಡ ಯಂತ್ರಗಳ ಬಗ್ಗೆ.

ಕಾಕ್ಲಿಯರ್ ಇಂಪ್ಲಾಂಟ್ ಅಂದರೆ ದೊಡ್ಡ ಕಿವಿ ಮಷೀನ್ ಅಷ್ಟೇ ಅಲ್ವಾ?

ಅಲ್ಲ. ಕಿವಿ ಮಷೀನ್, ಅಂದರೆ ಹಿಯರಿಂಗ್ ಏಡ್, ಶಬ್ದವನ್ನು ದೊಡ್ಡದು ಮಾಡಿ ಕಿವಿಯೊಳಗೆ ಬಿಡುತ್ತದೆ. ಕೇಳುವ ಕೆಲಸ ಕಿವಿಯದೇ. ಇಂಪ್ಲಾಂಟ್ ಆ ಕೆಲಸವನ್ನೇ ತಾನು ಮಾಡುತ್ತದೆ.

ಒಳಕಿವಿಯಲ್ಲಿ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಎಂಬ ಭಾಗ ಇದೆ. ಅದರಲ್ಲಿ ಸುಮಾರು 15,000 ಕೂದಲು ಕೋಶಗಳು. ಶಬ್ದ ಬಂದಾಗ ಅವು ಅಲುಗಾಡುತ್ತವೆ, ಆ ಅಲುಗಾಟ ನರಕ್ಕೆ ಸಂಕೇತವಾಗಿ ಹೋಗುತ್ತದೆ. ಈ ಕೋಶಗಳು ಹಾಳಾಗಿದ್ದರೆ ಎಷ್ಟು ಜೋರಾಗಿ ಕೂಗಿದರೂ ಹೆಚ್ಚು ಪ್ರಯೋಜನವಿಲ್ಲ. ಆದರೆ ಅವುಗಳ ಹಿಂದಿರುವ ನರ ಚೆನ್ನಾಗಿರಬಹುದು. ಇಂಪ್ಲಾಂಟ್ ಆ ನರವನ್ನೇ ನೇರವಾಗಿ ಮುಟ್ಟುತ್ತದೆ. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವ ಪ್ರೊಸೆಸರ್‌ನಲ್ಲಿ ಮೈಕ್ ಇರುತ್ತದೆ. ಅದು ಶಬ್ದವನ್ನು ಬಿಡಿಸಿ ಸಂಕೇತ ಮಾಡುತ್ತದೆ. ತಲೆಯ ಮೇಲೆ ಅಯಸ್ಕಾಂತದಿಂದ ಅಂಟಿಕೊಳ್ಳುವ ಕಾಯಿಲ್ ಆ ಸಂಕೇತವನ್ನು ಚರ್ಮದಾಚೆಗೆ ಕಳಿಸುತ್ತದೆ. ಒಳಗಿನ ಭಾಗ ಅದನ್ನು ಹಿಡಿದು, ಕಾಕ್ಲಿಯಾದ ಒಳಗೆ ತೂರಿಸಿದ, ನರಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ಲೋಹದ ತುದಿಗಳಾದ ಎಲೆಕ್ಟ್ರೋಡ್‌ಗಳಿಗೆ ಕರೆಂಟ್ ಕೊಡುತ್ತದೆ.

ಎಲೆಕ್ಟ್ರೋಡ್ ಎಷ್ಟು ಗೊತ್ತಾ? ತುಂಬಾ ಬಳಕೆಯಲ್ಲಿರುವ ಒಂದು ಬಗೆಯಲ್ಲಿ 22. ಹದಿನೈದು ಸಾವಿರ ಕೋಶಗಳ ಕೆಲಸಕ್ಕೆ ಇಪ್ಪತ್ತೆರಡು. ಆದರೂ ಮಗು ಅಮ್ಮನ ಮಾತು ಹಿಡಿಯುತ್ತದೆ, ಫೋನಿನಲ್ಲಿ ಮಾತಾಡುತ್ತದೆ. ಉಳಿದದ್ದನ್ನು ಮಿದುಳು ತುಂಬಿಕೊಳ್ಳುತ್ತದೆ. ನನ್ನ ಮಟ್ಟಿಗೆ ಮನುಷ್ಯ ಮತ್ತು ಯಂತ್ರ ಸೇರುವುದರಲ್ಲಿ ಇದಕ್ಕಿಂತ ದೊಡ್ಡ ಅಚ್ಚರಿ ಇಲ್ಲ.

ಇದನ್ನು ಕಂಡುಹಿಡಿದವರು ಯಾರು?

ಒಬ್ಬರಲ್ಲ. 1957ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಜೂರ್ನೋ ಮತ್ತು ಶಾರ್ಲ್ ಏರಿಯೆಸ್ ಮೊದಲ ಪ್ರಯತ್ನ ಮಾಡಿದರು. 1961ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಿಲಿಯಂ ಹೌಸ್ ಮುಂದುವರಿಸಿದರು. ಮಾತು ಅರ್ಥವಾಗುವಂತೆ ಮಾಡಬೇಕಾದರೆ ಒಂದು ತಂತಿ ಸಾಲದು, ಹಲವು ಎಲೆಕ್ಟ್ರೋಡ್ ಬೇಕು ಎಂದು ಪಟ್ಟುಹಿಡಿದವರಲ್ಲಿ ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಒಬ್ಬರು. ಅವರ ಅಪ್ಪನಿಗೇ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎಲೆಕ್ಟ್ರೋಡ್‌ಗಳ ಎಳೆಯನ್ನು ಆ ಸುರುಳಿಯೊಳಗೆ ಗಾಯವಾಗದಂತೆ ತಳ್ಳುವುದು ಹೇಗೆ ಎಂಬುದೇ ಅವರಿಗೆ ದೊಡ್ಡ ತೊಡಕಾಗಿತ್ತು. ರಜೆಯಲ್ಲಿ ಸಮುದ್ರದ ದಡದಲ್ಲಿ ಕೂತಿದ್ದಾಗ ಒಂದು ಚಿಪ್ಪಿಗೆ ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಮೆತ್ತಗಿದ್ದು ಬುಡ ಗಟ್ಟಿಯಿದ್ದರೆ ಅದು ಸುರುಳಿಯ ಉದ್ದಕ್ಕೂ ಸಲೀಸಾಗಿ ಹೋಯಿತು. 1978ರಲ್ಲಿ ಮೆಲ್ಬರ್ನ್‌ನಲ್ಲಿ ಅವರ ಮೊದಲ ಆಪರೇಷನ್ ಆಯಿತು. 2013ರಲ್ಲಿ ಅವರಿಗೆ, ಆಸ್ಟ್ರಿಯಾದ ಇಂಗೆಬೋರ್ಗ್ ಹೋಖ್‌ಮೈರ್ ಮತ್ತು ಅಮೆರಿಕದ ಬ್ಲೇಕ್ ವಿಲ್ಸನ್ ಅವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂತು. 2019ರ ಕೊನೆಯ ಹೊತ್ತಿಗೆ ಜಗತ್ತಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಇಂಪ್ಲಾಂಟ್ ಹಾಕಲಾಗಿತ್ತು.

ಆಪರೇಷನ್ ಆದ ತಕ್ಷಣ ಮಗುವಿಗೆ ಕೇಳಿಸುತ್ತಾ?

ಇಲ್ಲ. ದಯವಿಟ್ಟು ಆ ನಿರೀಕ್ಷೆ ಇಟ್ಟುಕೊಂಡು ಹೋಗಬೇಡಿ. ಮೊದಲು ಗಾಯ ಒಣಗಬೇಕು. ಕೆಲವು ವಾರ ಬಿಟ್ಟು ಸ್ವಿಚ್ ಆನ್ ಮಾಡುತ್ತಾರೆ. ಆ ದಿನ ಮಗು ನಗುವ ವಿಡಿಯೋಗಳನ್ನು ನೀವು ನೋಡಿರುತ್ತೀರಿ. ಎಷ್ಟೋ ಮಕ್ಕಳು ಹೆದರಿ ಅಳುತ್ತವೆ. ಎರಡೂ ಸಹಜ. ಆಮೇಲೆ ಮ್ಯಾಪಿಂಗ್. ಯಾವ ಎಲೆಕ್ಟ್ರೋಡ್‌ಗೆ ಎಷ್ಟು ಕರೆಂಟ್ ಕೊಟ್ಟರೆ ಕೇಳಿಸುತ್ತದೆ, ಎಷ್ಟಕ್ಕೆ ಕಿರಿಕಿರಿ ಆಗುತ್ತದೆ ಎಂದು ಆಡಿಯಾಲಜಿಸ್ಟ್, ಅಂದರೆ ಕಿವಿ ಕೇಳಿಸುವುದನ್ನು ಪರೀಕ್ಷಿಸುವ ತಜ್ಞರು, ಒಂದೊಂದಾಗಿ ನೋಡಿ ಹೊಂದಿಸುತ್ತಾರೆ. ಇದು ಒಂದು ಸಲಕ್ಕೆ ಮುಗಿಯುವುದಿಲ್ಲ. ಮತ್ತೆ ಮತ್ತೆ ಹೋಗಬೇಕು.

ಅದಕ್ಕಿಂತ ದೊಡ್ಡ ಕೆಲಸ ಮನೆಯಲ್ಲಿ. ಸದ್ದು ಕೇಳಿಸುವುದು ಬೇರೆ, ಅದು ಏನೆಂದು ತಿಳಿಯುವುದು ಬೇರೆ. ನಮ್ಮ ಹುಡುಗಿಗೆ ಮೊದಮೊದಲು ಕುಕ್ಕರ್ ವಿಷಲ್ಲಿಗೂ ತನ್ನ ಹೆಸರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋದೆವು. ಅಲ್ಲಿ ಕಲಿಸಿದ್ದನ್ನು ಅಕ್ಕ ಇಡೀ ದಿನ ಮನೆಯಲ್ಲಿ ಮಾಡುತ್ತಿದ್ದಳು. ಸ್ನಾನ ಮಾಡಿಸುವಾಗ ಮಷೀನ್ ತೆಗೆಯಬೇಕು, ಮಿಕ್ಕಂತೆ ಎದ್ದಾಗಿನಿಂದ ಮಲಗುವವರೆಗೆ ಹಾಕಿರಬೇಕು. ಅನ್ನ ಕಲಸುವಾಗ ಅನ್ನ ಎನ್ನಬೇಕು, ನೀರು ಬಿಡುವಾಗ ನೀರು ಎನ್ನಬೇಕು, ಬಾಗಿಲು ಬಡಿದರೆ ಆಟ ನಿಲ್ಲಿಸಿ ಕಿವಿ ತೋರಿಸಬೇಕು. ಬಲೆ, ಬಳೆ ಬೇರೆ ಎಂದು ಅವಳಿಗೆ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಆಪರೇಷನ್ ಮಾಡಿದ ಸರ್ಜನ್‌ಗೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೌರವ ಇದೆ. ಆದರೆ ಅವಳು ಮಾತು ಕಲಿತದ್ದು ಅವಳಮ್ಮನಿಂದ ಮತ್ತು ಥೆರಪಿಸ್ಟ್‌ನಿಂದ.

ಯಾವ ವಯಸ್ಸಿನೊಳಗೆ ಹಾಕಿಸಬೇಕು?

ಹುಟ್ಟಿನಿಂದ ಕೇಳಿಸದ ಮಗುವಿಗೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಮೊದಲ ಮೂರು ವರ್ಷ ಬಹಳ ಮುಖ್ಯ. ಮಿದುಳಿನ ಕೇಳುವ ಭಾಗಕ್ಕೆ ಆ ಸಮಯದಲ್ಲಿ ಶಬ್ದ ಸಿಗದಿದ್ದರೆ ಅದು ಬೇರೆ ಕೆಲಸಕ್ಕೆ ಹೊಂದಿಕೊಂಡುಬಿಡುತ್ತದೆ. ಮಾತು ಬಂದ ಮೇಲೆ ಕಿವಿ ಕಳೆದುಕೊಂಡ ದೊಡ್ಡವರ ಲೆಕ್ಕ ಬೇರೆ. ಅವರಿಗೆ ನೆನಪಿನಲ್ಲಿ ಶಬ್ದ ಇರುತ್ತದೆ, ವಯಸ್ಸಾದ ಮೇಲೂ ಉಪಯೋಗವಾಗುತ್ತದೆ.

ಅದಕ್ಕೇ ಹೇಳುವುದು, ಮಗು ಹುಟ್ಟಿದ ಆಸ್ಪತ್ರೆಯಲ್ಲೇ ಓಎಇ ಎಂಬ ಕಿವಿಯ ಪರೀಕ್ಷೆ ಮಾಡಿಸಿ. ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಸಂಶಯ ಬಂದರೆ, ಶಬ್ದ ನರದ ಮೂಲಕ ಮಿದುಳಿಗೆ ಮುಟ್ಟುತ್ತಿದೆಯೇ ಎಂದು ನೋಡುವ ಬೇರಾ (BERA) ಟೆಸ್ಟ್ ಬರೆದುಕೊಡುತ್ತಾರೆ. "ಅವರಪ್ಪನೂ ತಡವಾಗಿ ಮಾತಾಡಿದ, ಇವನೂ ಹಾಗೇ" ಎಂದು ಹಿರಿಯರು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಪರೀಕ್ಷೆ ಮಾಡಿಸಿ.

ತುಂಬಾ ದುಡ್ಡು ಬೇಕಂತೆ. ಸರ್ಕಾರದ ಸಹಾಯ ಇದೆಯಾ?

ಹೌದು, ಲಕ್ಷಗಟ್ಟಲೆ ಆಗುತ್ತದೆ. ಸಹಾಯವೂ ಇದೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಚಿಕ್ಕ ಮಕ್ಕಳಿಗೆ ಇಂಪ್ಲಾಂಟ್ ಕೊಡುತ್ತಾರೆ. ಕರ್ನಾಟಕದಲ್ಲಿ ಶ್ರವಣ ಸಂಜೀವಿನಿ ಯೋಜನೆ ಇದೆ. ವಯಸ್ಸು, ಆದಾಯದ ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ಮುಂಚೆ ಕೇಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಮತ್ತು ಮಾತಿನ ತೊಂದರೆಗೆ ದೇಶದಲ್ಲೇ ಹೆಸರಾದ ಜಾಗ. ಕನ್ನಡ ಮಾತಾಡುವ ಮಕ್ಕಳನ್ನು ಕನ್ನಡದ ಪದಗಳಲ್ಲೇ ಪರೀಕ್ಷಿಸುವ ಪಟ್ಟಿಗಳು ಅಲ್ಲಿ ತಯಾರಾಗಿವೆ. ಎಲ್ಲಿಂದ ಶುರು ಮಾಡಲಿ ಎಂದು ತೋಚದಿದ್ದರೆ ಅಲ್ಲಿಗೆ ಹೋಗಿ.

ಆದರೆ ಯಾರೂ ಮೊದಲೇ ಹೇಳದ ಖರ್ಚು ಆಮೇಲೆ ಬರುತ್ತದೆ. ಒಳಗಿನ ಭಾಗ ಹತ್ತಾರು ವರ್ಷ ಬಾಳಬಹುದು. ಹೊರಗಿನ ಪ್ರೊಸೆಸರ್ ಹಾಗಲ್ಲ. ಬ್ಯಾಟರಿ, ಕೇಬಲ್, ಕಾಯಿಲ್ ಕೆಡುತ್ತಲೇ ಇರುತ್ತವೆ. ನಮ್ಮ ಹುಡುಗಿಯ ಪ್ರೊಸೆಸರ್ ಕೆಟ್ಟಾಗ, ಆ ಮಾಡೆಲ್‌ಗೆ ಬಿಡಿಭಾಗ ಬರುವುದು ನಿಂತಿದೆ, ಹೊಸದನ್ನೇ ಕೊಳ್ಳಿ ಎಂದು ಕಂಪನಿಯವರು ಹೇಳಿದರು. ದುಡ್ಡು ಹೊಂದಿಸುವವರೆಗೆ ಅವಳು ಏನೂ ಕೇಳಿಸದೆಯೇ ಶಾಲೆಗೆ ಹೋಗಿ ಬಂದಳು. ಪಕ್ಕದ ಹುಡುಗಿಯ ನೋಟ್ಸ್ ನೋಡಿ ಪಾಠ ಬರೆದುಕೊಂಡಳು. ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಮಗುವಿಗೆ ಇಂಪ್ಲಾಂಟ್ ಹಾಕಿಸುವ ಯೋಜನೆಯಲ್ಲಿ ಮುಂದಿನ ಪ್ರೊಸೆಸರ್‌ಗಳ ಖರ್ಚೂ ಸೇರಲೇಬೇಕು. ಅರ್ಧ ದಾರಿಗೆ ಬಿಟ್ಟರೆ ಮೊದಲು ಹಾಕಿದ ದುಡ್ಡೂ ದಂಡ.

ಕಿವುಡುತನ ಕಾಯಿಲೆ ಅಲ್ಲ, ಸರಿಮಾಡಲು ಹೋಗಬೇಡಿ ಅನ್ನುವವರೂ ಇದ್ದಾರಲ್ಲ?

ಇದ್ದಾರೆ. ಅವರ ಮಾತನ್ನು ಗೌರವದಿಂದ ಕೇಳಬೇಕು. ಸನ್ನೆ ಭಾಷೆ ಪೂರ್ತಿ ಭಾಷೆ. ಅದಕ್ಕೆ ತನ್ನದೇ ವ್ಯಾಕರಣ ಇದೆ. ಅದರಲ್ಲಿ ಬೆಳೆದವರು ತಮ್ಮನ್ನು ಕೊರತೆಯಿರುವವರು ಎಂದು ನೋಡುವುದಿಲ್ಲ. ಇಂಪ್ಲಾಂಟ್ ಬಂತು ಎಂದು ಸನ್ನೆ ನಿಲ್ಲಿಸಿದರೆ, ಮಾತೂ ಹಿಡಿಯದ ಮಗು ಯಾವ ಭಾಷೆಯೂ ಇಲ್ಲದೆ ಉಳಿಯುವ ಅಪಾಯ ಇದೆ. ಹೆಚ್ಚಿನ ಮಕ್ಕಳ ಅಪ್ಪ ಅಮ್ಮ ಕೇಳಿಸಿಕೊಳ್ಳುವವರೇ ಆದ್ದರಿಂದ ನಾವು ಇಂಪ್ಲಾಂಟ್ ಕಡೆ ವಾಲುತ್ತೇವೆ. ನಾವೂ ಹಾಗೇ ಮಾಡಿದೆವು. ಜೊತೆಗೆ ಸನ್ನೆಯನ್ನೂ ಕಲಿಸಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಬ್ಯಾಟರಿ ಮುಗಿದಾಗ, ಈಜುವಾಗ, ರಾತ್ರಿ ಮಷೀನ್ ತೆಗೆದಿಟ್ಟಾಗ ನಮ್ಮ ಹುಡುಗಿ ಮಾತಾಡುವುದು ಕೈಯಲ್ಲೇ.

ಕಣ್ಣಿಗೂ ಇಂಥದ್ದು ಬಂದಿದೆಯಾ?

ಬಂದಿತ್ತು. ಆರ್ಗಸ್ 2 ಎಂಬ ಯಂತ್ರ. ಕನ್ನಡಕದಲ್ಲಿ ಕ್ಯಾಮೆರಾ, ಕಣ್ಣಿನ ಹಿಂಪರದೆಯ ಮೇಲೆ 60 ಎಲೆಕ್ಟ್ರೋಡ್. ಅಮೆರಿಕದಲ್ಲಿ 2013ರಲ್ಲಿ ಅನುಮತಿ ಸಿಕ್ಕಿತು. ಪೂರ್ತಿ ನೋಟವಲ್ಲ. ಬೆಳಕಿನ ಚುಕ್ಕೆಗಳು, ಬಾಗಿಲಿನ ಅಂಚು, ಎದುರಿಗೆ ಯಾರೋ ನಿಂತಿದ್ದಾರೆ ಎಂಬ ಸುಳಿವು. ಕತ್ತಲಲ್ಲೇ ಇದ್ದವರಿಗೆ ಅದೂ ದೊಡ್ಡದೇ.

ಜಗತ್ತಿನಲ್ಲಿ ಸುಮಾರು 350 ಮಂದಿ ಹಾಕಿಸಿಕೊಂಡರು. ತಯಾರಿಸಿದ ಸೆಕೆಂಡ್ ಸೈಟ್ ಕಂಪನಿ 2019ರಲ್ಲಿ ಈ ಯಂತ್ರವನ್ನು ಕೈಬಿಟ್ಟಿತು, 2020ರಲ್ಲಿ ದಿವಾಳಿಯ ಅಂಚಿಗೆ ಬಂತು. ಕಣ್ಣೊಳಗೆ ಯಂತ್ರ ಇಟ್ಟುಕೊಂಡವರಿಗೆ ರಿಪೇರಿ ಇಲ್ಲ, ಬಿಡಿಭಾಗ ಇಲ್ಲ. ಯಂತ್ರ ನಿಂತುಹೋದವರಿಗೆ ಎರಡನೇ ಸಲ ಕತ್ತಲಾಯಿತು. ಎಂಆರ್‌ಐ ಮಾಡಿಸಬೇಕಾದಾಗ, ಒಳಗಿನ ಯಂತ್ರಕ್ಕೆ ಏನಾಗುತ್ತದೆ ಎಂದು ಕೇಳಲು ಕಂಪನಿಯಲ್ಲಿ ಯಾರೂ ಸಿಗದೆ ಒದ್ದಾಡಿದವರಿದ್ದಾರೆ. ಸೈಬಾರ್ಗ್ ಬಗ್ಗೆ ಚರ್ಚೆ ಆದಾಗಲೆಲ್ಲ ಯಂತ್ರಗಳು ನಮ್ಮ ಮೇಲೆ ಸವಾರಿ ಮಾಡುತ್ತವೆಯೇ ಎಂದು ಕೇಳುತ್ತಾರೆ. ನನಗಿರುವ ಹೆದರಿಕೆ ಅದಲ್ಲ. ಯಂತ್ರ ಮಾಡಿದವರು ಅಂಗಡಿ ಮುಚ್ಚಿಕೊಂಡು ಹೋದರೆ ಏನು ಎಂಬುದೇ ನನ್ನ ಹೆದರಿಕೆ.

ಮಿದುಳಿಗೆ ತಂತಿ ಹಾಕುವುದು ನಿಜವಾಗಿ ನಡೆಯುತ್ತಿದೆಯಾ, ಬರೀ ಸುದ್ದಿಯಾ?

ದಶಕಗಳಿಂದ ನಡೆಯುತ್ತಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈಕಾಲು ನಡುಗುತ್ತದೆ, ಬಿಗಿಯುತ್ತದೆ. ಮಿದುಳಿನ ಆಳಕ್ಕೆ ಎಲೆಕ್ಟ್ರೋಡ್ ಇಳಿಸಿ ಸಣ್ಣ ಕರೆಂಟ್ ಕೊಟ್ಟರೆ ನಡುಕ ಇಳಿಯುತ್ತದೆ ಎಂದು 1987ರಲ್ಲಿ ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಾಬಿಡ್ ಮತ್ತು ಅವರ ತಂಡ ತೋರಿಸಿತು. ಇದನ್ನು ಡಿಬಿಎಸ್, ಅಂದರೆ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಎನ್ನುತ್ತಾರೆ. ಬ್ಯಾಟರಿಯನ್ನು ಎದೆಯ ಚರ್ಮದಡಿ ಕೂರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಆಪರೇಷನ್ ಆಗುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ, ಲಕ್ಷಣ ಹತೋಟಿಗೆ ಬರುತ್ತದೆ. ಎಲ್ಲ ರೋಗಿಗಳಿಗೂ ಹೊಂದುವುದಿಲ್ಲ. ಬ್ಯಾಟರಿ ಮುಗಿದಾಗ ಬದಲಾಯಿಸಬೇಕು.

ನ್ಯೂರಾಲಿಂಕ್ ಕಂಪನಿಯ ಮಿದುಳಿನ ಚಿಪ್ ಹಾಕಿಸಿಕೊಂಡರೆ ಯೋಚನೆಯಲ್ಲೇ ಕಂಪ್ಯೂಟರ್ ನಡೆಸಬಹುದಂತೆ?

ಕತ್ತಿನಿಂದ ಕೆಳಗೆ ಅಲುಗಾಡದ ರೋಗಿಯೊಬ್ಬರು ಬರೀ ಮಿದುಳಿನ ಸಂಕೇತದಿಂದ ಕಂಪ್ಯೂಟರಿನ ಕರ್ಸರ್ ನಡೆಸಿದ್ದು 2004ರಲ್ಲೇ, ಬ್ರೇನ್‌ಗೇಟ್ ಪ್ರಯೋಗದಲ್ಲಿ. ಅವರ ಮಿದುಳಿನಲ್ಲಿ 96 ಎಲೆಕ್ಟ್ರೋಡ್ ಇದ್ದವು. 2011ರಲ್ಲಿ ಅದೇ ಪ್ರಯೋಗದ ಇನ್ನೊಬ್ಬರು ರೋಬಾಟ್ ಕೈಯಿಂದ ಕಾಫಿ ಬಾಟಲಿ ಎತ್ತಿ ತಾವೇ ಕುಡಿದರು. ನ್ಯೂರಾಲಿಂಕ್ ಮೊದಲ ಮನುಷ್ಯನಿಗೆ ಯಂತ್ರ ಹಾಕಿದ್ದು 2024ರ ಜನವರಿಯಲ್ಲಿ. ಅದರಲ್ಲಿ 1,024 ಎಲೆಕ್ಟ್ರೋಡ್, ತಂತಿ ಹೊರಗೆ ಬರುವುದಿಲ್ಲ. ಅದು ನಿಜವಾದ ಮುನ್ನಡೆ. ಆ ಮೊದಲ ರೋಗಿಯಲ್ಲಿ ಎಲೆಕ್ಟ್ರೋಡ್ ಇರುವ ಕೆಲವು ಎಳೆಗಳು ಮಿದುಳಿನಿಂದ ಹಿಂದಕ್ಕೆ ಸರಿದವು, ಸಾಫ್ಟ್‌ವೇರ್ ಬದಲಾಯಿಸಿ ಸುಧಾರಿಸಿಕೊಂಡರು. ಸಿಂಕ್ರಾನ್ ಎಂಬ ಇನ್ನೊಂದು ಕಂಪನಿ ತಲೆಬುರುಡೆ ತೆರೆಯದೆ, ರಕ್ತನಾಳದ ಮೂಲಕ ಎಲೆಕ್ಟ್ರೋಡ್ ಕಳಿಸುತ್ತದೆ. ಇವೆಲ್ಲ ಇನ್ನೂ ಪ್ರಯೋಗದ ಹಂತದಲ್ಲೇ ಇವೆ.

ಅಂದರೆ ಮನಸ್ಸಿನಲ್ಲಿ ಇರುವುದನ್ನೆಲ್ಲ ಮಷೀನ್ ಓದಿಬಿಡುತ್ತಾ?

ಇಲ್ಲಿಯವರೆಗೆ ಮುಖ್ಯವಾಗಿ ಓದುತ್ತಿರುವುದು ಪ್ರಯತ್ನವನ್ನು. ನಾಲಿಗೆ, ತುಟಿ ಅಲುಗಾಡಿಸಲು ಮಿದುಳು ಕೊಡುವ ಆಜ್ಞೆಯನ್ನು. ಎಎಲ್‌ಎಸ್ ಎಂಬ, ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಕಾಯಿಲೆಯಿಂದ ಮಾತು ನಿಂತುಹೋದವರು ಮಾತಾಡಲು ಯತ್ನಿಸಿದಾಗ ಎಲೆಕ್ಟ್ರೋಡ್ ಆ ಆಜ್ಞೆ ಹಿಡಿಯುತ್ತದೆ. ಯಾವ ಧ್ವನಿ ಇರಬಹುದು ಎಂದು ಒಂದು ಎಐ ಊಹಿಸುತ್ತದೆ, ಯಾವ ಪದ ಹೊಂದುತ್ತದೆ ಎಂದು ಭಾಷಾ ಮಾದರಿ, ಅಂದರೆ ಯಾವ ಪದದ ಜೊತೆ ಯಾವುದು ಬರುತ್ತದೆ ಎಂದು ಕಲಿತ ಸಾಫ್ಟ್‌ವೇರ್, ತಿದ್ದುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ನಿಮಿಷಕ್ಕೆ 62 ಪದ ಮುಟ್ಟಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಒಬ್ಬರ ಮಾತನ್ನು 97 ಪ್ರತಿಶತ ಸರಿಯಾಗಿ ಹಿಡಿದರು. ಕಾಯಿಲೆಗೆ ಮುಂಚಿನ ಅವರ ರೆಕಾರ್ಡಿಂಗ್‌ಗಳಿಂದ ಅವರದೇ ದನಿಯನ್ನು ಹೋಲುವ ದನಿ ಮಾಡಿ ಕಂಪ್ಯೂಟರ್‌ನಿಂದ ನುಡಿಸಿದರು.

ಒಳಗೊಳಗೇ ಆಡಿಕೊಳ್ಳುವ ಮಾತನ್ನೂ ಸ್ವಲ್ಪ ಮಟ್ಟಿಗೆ ಹಿಡಿಯಬಹುದು ಎಂದು 2025ರಲ್ಲಿ ತೋರಿಸಿದ್ದಾರೆ. ಅದೇ ತಂಡ ಒಂದು ಬೀಗವನ್ನೂ ಇಟ್ಟಿತು. ಬಳಸುವವರು ಮನಸ್ಸಿನಲ್ಲಿ ಒಂದು ಗುಟ್ಟಿನ ಪದ ನೆನೆದರೆ ಮಾತ್ರ ಯಂತ್ರ ಕೇಳಿಸಿಕೊಳ್ಳಲು ಶುರು ಮಾಡುತ್ತದೆ. ಇಂಥ ಬೀಗ ಆಮೇಲೆ ಸೇರಿಸುವ ಸೌಲಭ್ಯ ಆಗಬಾರದು, ಮೊದಲ ದಿನದಿಂದಲೇ ಇರಬೇಕು.

ನಮಗೆ ಸಂಬಂಧಪಟ್ಟ ಒಂದು ಮಾತು. ನಾನು ಮೇಲೆ ಹೇಳಿದ, ಮಾತು ಹಿಡಿಯುವ ಯಂತ್ರಗಳೆಲ್ಲ ಇಂಗ್ಲಿಷಿನಲ್ಲಿ ಕಲಿತವು. ದಾವಣಗೆರೆಯ ಒಬ್ಬ ಅಜ್ಜನಿಗೆ ಮಾತು ನಿಂತುಹೋದರೆ ಅವರಿಗೆ ಬೇಕಾಗುವುದು ಕನ್ನಡ. ನಮ್ಮ ಭಾಷೆಯ ಧ್ವನಿ, ಮಾತಿನ ದಾಖಲೆಗಳನ್ನು ಕೂಡಿಡುವ ಕೆಲಸ ಈಗಲೇ ಆಗಬೇಕು.

ಮೈಯೊಳಗಿನ ಯಂತ್ರವನ್ನು ಹ್ಯಾಕ್ ಮಾಡಬಹುದಾ?

ಆಗುತ್ತದೆ ಎಂದು 2008ರಲ್ಲೇ ಅಮೆರಿಕದ ಸಂಶೋಧಕರು ಲ್ಯಾಬಿನಲ್ಲಿ ತೋರಿಸಿದರು. ಅಲ್ಲಿನ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಅವರ ಹೃದಯದ ಯಂತ್ರದ ವೈರ್‌ಲೆಸ್ ಸಂಪರ್ಕವನ್ನು ಅವರ ಡಾಕ್ಟರ್ ಬಂದ್ ಮಾಡಿಸಿದ್ದರು. 2017ರಲ್ಲಿ ಇದೇ ಕಾರಣಕ್ಕೆ ಅಮೆರಿಕದಲ್ಲಿ ಸುಮಾರು 4,65,000 ಪೇಸ್‌ಮೇಕರ್‌ಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕಾಯಿತು. ಆದರೆ ಇದಕ್ಕೆ ಹೆದರಿ ಯಾರೂ ಪೇಸ್‌ಮೇಕರ್ ಬೇಡ ಅನ್ನಬೇಡಿ. ಅದಿಲ್ಲದಿದ್ದರೆ ಆಗುವ ಅಪಾಯ ಎಷ್ಟೋ ಪಾಲು ಜಾಸ್ತಿ.

ಮಿದುಳಿನಿಂದ ಬರುವ ಮಾಹಿತಿ ಯಾರ ಸ್ವತ್ತು?

ಚಿಲಿ ದೇಶ 2021ರಲ್ಲಿ ಇದನ್ನು ಸಂವಿಧಾನಕ್ಕೇ ಸೇರಿಸಿತು. ಮಿದುಳಿನ ಚಟುವಟಿಕೆ ಮತ್ತು ಅದರ ಮಾಹಿತಿಗೆ ರಕ್ಷಣೆ ಕೊಡಬೇಕು ಎಂದಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ತಲೆಗೆ ಹಾಕಿಕೊಳ್ಳುವ ಸಾಧನ ಮಾರುವ ಒಂದು ಕಂಪನಿಗೆ, ಮಾಜಿ ಸೆನೆಟರ್ ಒಬ್ಬರ ಮಿದುಳಿನ ಮಾಹಿತಿಯನ್ನು ಅಳಿಸುವಂತೆ ಹೇಳಿತು. ಅಮೆರಿಕದ ಕೊಲರಾಡೊ ರಾಜ್ಯ 2024ರಲ್ಲಿ ಕಾನೂನು ತಂದಿತು. ನಮ್ಮಲ್ಲೂ ಇಂಥದ್ದು ಬೇಕು.

ಏನೂ ತೊಂದರೆ ಇಲ್ಲದವರು ಸುಮ್ನೆ ಹಾಕಿಸಿಕೊಂಡರೆ?

ಹಾಕಿಸಿಕೊಂಡವರಿದ್ದಾರೆ. ಬ್ರಿಟನ್‌ನ ಪ್ರೊಫೆಸರ್ ಕೆವಿನ್ ವಾರ್ವಿಕ್ 2002ರಲ್ಲಿ ತಮ್ಮ ಕೈಯ ನರಕ್ಕೆ 100 ಎಲೆಕ್ಟ್ರೋಡ್ ಹಾಕಿಸಿಕೊಂಡು, ನ್ಯೂಯಾರ್ಕ್‌ನಲ್ಲಿ ಕೂತು ಬ್ರಿಟನ್ನಿನ ಊರಾದ ರೆಡಿಂಗ್‌ನಲ್ಲಿದ್ದ ರೋಬಾಟ್ ಕೈಯನ್ನು ಆಡಿಸಿದರು. ಹುಟ್ಟಿನಿಂದ ಬಣ್ಣವೇ ಕಾಣದ ನೀಲ್ ಹಾರ್ಬಿಸನ್ 2004ರಿಂದ ತಲೆಗೆ ಆಂಟೆನಾ ಕೂರಿಸಿಕೊಂಡು ಬಣ್ಣಗಳನ್ನು ಸ್ವರವಾಗಿ ಕೇಳುತ್ತಾರೆ. ಧೈರ್ಯದ ಕೆಲಸಗಳು, ಅವುಗಳಿಂದ ಕಲಿತದ್ದೂ ಇದೆ. ಆದರೆ ಮಿದುಳಿನ ಆಪರೇಷನ್ ಅಂದರೆ ರಕ್ತಸ್ರಾವ, ಸೋಂಕಿನ ಅಪಾಯ. ಚೆನ್ನಾಗಿರುವವರು ಜಾಣರಾಗಲು ಆ ಅಪಾಯಕ್ಕೆ ತಲೆ ಒಡ್ಡಬೇಕಾಗಿಲ್ಲ ಎಂಬುದು ನನ್ನ ನಿಲುವು.

ಮನಸ್ಸನ್ನು ಕಂಪ್ಯೂಟರ್‌ಗೆ ತುಂಬಿ ಚಿರಂಜೀವಿ ಆಗಬಹುದಾ?

ಒಂದು ಸಣ್ಣ ಹುಳು ಇದೆ, ಒಂದು ಮಿಲಿಮೀಟರ್ ಉದ್ದ. ಅದರಲ್ಲಿರುವುದು 302 ನರಕೋಶ. ಅವು ಒಂದಕ್ಕೊಂದು ಹೇಗೆ ಸೇರಿಕೊಂಡಿವೆ ಎಂಬ ನಕ್ಷೆ 1986ರಲ್ಲೇ ಬಂತು. ಆ ಹುಳುವನ್ನು ಪೂರ್ತಿಯಾಗಿ ಕಂಪ್ಯೂಟರ್‌ನಲ್ಲಿ ಬದುಕಿಸಲು ಇನ್ನೂ ಆಗಿಲ್ಲ. 2024ರಲ್ಲಿ ಹಣ್ಣಿನ ನೊಣದ ಮಿದುಳಿನ ನಕ್ಷೆ ಸಿಕ್ಕಿತು, ಸುಮಾರು 1,39,000 ನರಕೋಶ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ. ನಕ್ಷೆ ಸಿಕ್ಕರೂ ಸಾಲದು. ಯಾವ ಕೊಂಡಿ ಎಷ್ಟು ಬಲವಾಗಿದೆ, ಯಾವ ರಾಸಾಯನಿಕ ಎಲ್ಲಿ ಹರಿಯುತ್ತಿದೆ ಎಂಬುದು ಗಳಿಗೆಗೊಮ್ಮೆ ಬದಲಾಗುತ್ತದೆ. ಅದಕ್ಕೂ ದುಡ್ಡು ಕಟ್ಟಿಸಿಕೊಳ್ಳುವವರು ಬಂದರೆ ಕೊಡಬೇಡಿ.

ಎಐಗೆ ಮನಸ್ಸು ಇದೆಯಾ?

ಮಾತಾಡುವುದನ್ನು ನೋಡಿ ಇದೆ ಅನ್ನಿಸಬಹುದು. ಅದನ್ನು ಅಳೆಯಲು ಎಲ್ಲರೂ ಒಪ್ಪುವ ಪರೀಕ್ಷೆ ಯಾರ ಬಳಿಯೂ ಇಲ್ಲ. ಈ ಪುಟದ ಮಟ್ಟಿಗೆ ಎಐ ಒಂದು ಊಹೆ ಮಾಡುವ ಯಂತ್ರ. ಮಾತು ನಿಂತವರಿಗೆ ಮಾತು ಕೊಡಿಸುವಲ್ಲಿ ಅದರ ಊಹೆ ಬಹಳ ಉಪಕಾರಕ್ಕೆ ಬರುತ್ತಿದೆ. ಅದರಲ್ಲೊಂದು ಎಚ್ಚರವೂ ಬೇಕು. ರೋಗಿ ಹೇಳಲು ಹೊರಟ ಪದದ ಬದಲು ಭಾಷಾ ಮಾದರಿ ತನಗೆ ಸರಿಕಂಡ ಪದ ಹಾಕಿದರೆ, ಅದು ರೋಗಿಯ ಮಾತಲ್ಲ. "ನಾನು ಹೇಳಿದ್ದು ಇದಲ್ಲ" ಎಂದು ತಿದ್ದುವ ದಾರಿ ಅವರ ಕೈಯಲ್ಲೇ ಇರಬೇಕು.

ಇಂಪ್ಲಾಂಟ್ ಹಾಕಿಸುವ ಮುಂಚೆ ಏನೇನು ಕೇಳಬೇಕು?

ಯಾವ ಯಂತ್ರವೇ ಆಗಲಿ, ಇವಿಷ್ಟು ಕೇಳಿ. ಈ ಮಾಡೆಲ್‌ಗೆ ಎಷ್ಟು ವರ್ಷ ಬಿಡಿಭಾಗ ಕೊಡುತ್ತೀರಿ? ವಾರಂಟಿಯಲ್ಲಿ ಏನೇನು ಬರುತ್ತದೆ, ಕಾಯಿಲ್ ಮತ್ತು ಕೇಬಲ್ ಸೇರಿದೆಯಾ? ರಿಪೇರಿಗೆ ಕೊಟ್ಟಾಗ ಬದಲಿ ಮಷೀನ್ ಕೊಡುತ್ತೀರಾ? ನಮ್ಮ ಜಿಲ್ಲೆಯಲ್ಲಿ ಮ್ಯಾಪಿಂಗ್ ಮಾಡುವವರು ಇದ್ದಾರಾ, ಪ್ರತಿ ಸಲ ಬೆಂಗಳೂರಿಗೆ ಬರಬೇಕಾ? ಎಂಆರ್‌ಐ ಮಾಡಿಸಬಹುದಾ, ಯಾವ ಶಕ್ತಿಯ ಯಂತ್ರದಲ್ಲಿ? ಕಾಕ್ಲಿಯರ್ ಇಂಪ್ಲಾಂಟ್ ಆದರೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಬರದಂತೆ ಲಸಿಕೆ ಯಾವಾಗ ಹಾಕಿಸಬೇಕು? ಕಂಪನಿ ಮಾರಾಟವಾದರೆ ಅಥವಾ ಮುಚ್ಚಿದರೆ ನಮ್ಮ ಜವಾಬ್ದಾರಿ ಯಾರದು?

ಉತ್ತರಗಳನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಆಪರೇಷನ್ ಆದ ಮೇಲೆ ಯಂತ್ರದ ಹೆಸರು, ಸೀರಿಯಲ್ ನಂಬರ್ ಇರುವ ಕಾರ್ಡ್ ಕೊಡುತ್ತಾರೆ. ಅದರ ಫೋಟೋ ಮನೆಯ ಎಲ್ಲರ ಮೊಬೈಲ್‌ನಲ್ಲೂ ಇರಲಿ.